ಕಟಕಟೆಯ ಚಿತ್ರ

ನ್ಯಾಯಾಲಯವು ತನ್ನ ನಿರ್ಣಯವನ್ನು ಶಬ್ದಗಳಲ್ಲಿ ಬರೆದಿಡುತ್ತದೆ. ಆದರೆ ಆ ನಿರ್ಣಯಕ್ಕಾಗಿ ಕಾದು ನಿಂತವನ ಮುಖಭಾವವು ಯಾವ ಕಡತದಲ್ಲಿಯೂ ಉಳಿಯುವುದಿಲ್ಲ. ಅದನ್ನು ಉಳಿಸಿಕೊಡಬಲ್ಲವನು ಚಿತ್ರಕಾರನು. ಜಾನ್ ಲೇವರಿ ಎಂಬ ಕಲಾವಿದನು ರಚಿಸಿದ, ರೋಜರ್ ಕೇಸ್‌ಮೆಂಟನ ವಿಚಾರಣೆಯ ತೈಲಚಿತ್ರವು ಇದಕ್ಕೊಂದು ಉತ್ತಮ ನಿದರ್ಶನ.

ಕೇಸ್‌ಮೆಂಟನು 1864ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಸಮೀಪದಲ್ಲಿ ಜನಿಸಿದನು. ಬ್ರಿಟಿಷ್ ಸರ್ಕಾರದ ರಾಯಭಾರ ಸೇವೆಯಲ್ಲಿದ್ದಾಗ, ಆಫ್ರಿಕದ ಕಾಂಗೋದಲ್ಲಿ ರಬ್ಬರಿಗಾಗಿ ಮೂಲನಿವಾಸಿಗಳ ಮೇಲೆ ನಡೆಯುತ್ತಿದ್ದ ಕ್ರೌರ್ಯವನ್ನು ತನ್ನ ವರದಿಯ ಮೂಲಕ 1904ರಲ್ಲಿ ಜಗತ್ತಿಗೆ ತಿಳಿಸಿದನು. ದಕ್ಷಿಣ ಅಮೆರಿಕದ ಪುಟುಮಾಯೋ ಪ್ರದೇಶದ ಜನರ ಪರವಾಗಿಯೂ ಅಂತಹುದೇ ಕಾರ್ಯವನ್ನು ಮಾಡಿದನು. 1911ರಲ್ಲಿ ಸರ್ಕಾರವು ಅವನಿಗೆ ‘ಸರ್’ ಪದವಿಯನ್ನಿತ್ತು ಗೌರವಿಸಿತು. ಆದರೆ ಪರರ ದಾಸ್ಯವನ್ನು ಕಂಡು ಮರುಗಿದ ಅವನ ಮನಸ್ಸು ತನ್ನ ನಾಡಿನ ಪಾರತಂತ್ರ್ಯವನ್ನೂ ಸಹಿಸದಾಯಿತು. ಮೊದಲನೆಯ ಮಹಾಯುದ್ಧವು ಆರಂಭವಾದಾಗ ಅವನು ಐರ್ಲೆಂಡಿನ ಸ್ವಾತಂತ್ರ್ಯಕ್ಕೆ ನೆರವು ಯಾಚಿಸಿ ಬ್ರಿಟನ್ನಿನ ಶತ್ರುವಾದ ಜರ್ಮನಿಗೆ ಹೋದನು. 1916ರ ಏಪ್ರಿಲ್ 21ರಂದು ಜರ್ಮನ್ ಜಲಾಂತರ್ಗಾಮಿಯೊಂದರಿಂದ ಐರ್ಲೆಂಡಿನ ಕಡಲತೀರದಲ್ಲಿ ಇಳಿದ ಅವನು ಅಂದೇ ಸೆರೆಸಿಕ್ಕನು.

ಆ ವರ್ಷದ ಜೂನ್ ತಿಂಗಳಿನಲ್ಲಿ ಲಂಡನ್ನಿನಲ್ಲಿ ಅವನ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಆಧಾರವಾಗಿದ್ದುದು 1351ರ ಒಂದು ಪುರಾತನ ಶಾಸನ. ರಾಜ್ಯದ ಹೊರಗೆ ನಡೆದ ಕೃತ್ಯಕ್ಕೆ ಅದು ಅನ್ವಯಿಸದೆಂದು ಅವನ ನ್ಯಾಯವಾದಿ ಸಲಿವನ್ ವಾದಿಸಿದನು. ವಾಕ್ಯದಲ್ಲಿ ಎಲ್ಲಿ ನಿಲ್ಲಿಸಿ ಓದಬೇಕೆಂಬುದರ ಮೇಲೆ ಅದರ ಅರ್ಥ ನಿಂತಿತ್ತು. ಆದುದರಿಂದಲೇ ಒಂದು ಅಲ್ಪವಿರಾಮ ಚಿಹ್ನೆಯು ಕೇಸ್‌ಮೆಂಟನನ್ನು ಗಲ್ಲಿಗೇರಿಸಿತೆಂಬ ಮಾತು ಬಳಕೆಗೆ ಬಂದಿತು. ನ್ಯಾಯಾಲಯವು ಸಲಿವನ್ನನ ವಾದವನ್ನು ಒಪ್ಪದೆ ಮರಣದಂಡನೆಯನ್ನು ವಿಧಿಸಿತು.

ಜುಲೈ 17 ಮತ್ತು 18ರಂದು ಐವರು ನ್ಯಾಯಾಧೀಶರ ಮುಂದೆ ಮೇಲ್ಮನವಿಯು ವಿಚಾರಣೆಗೆ ಬಂದಿತು. ಆ ದೃಶ್ಯವನ್ನು ಚಿತ್ರಿಸುವಂತೆ ಲೇವರಿಯನ್ನು ಕೇಳಿಕೊಂಡವನು ಪೀಠದ ಅಧ್ಯಕ್ಷನಾಗಿದ್ದ ನ್ಯಾಯಮೂರ್ತಿ ಡಾರ್ಲಿಂಗನೇ. ಮೇಲ್ಮನವಿಯಲ್ಲಿ ಜ್ಯೂರಿಗಳಿಗೆ ಕೆಲಸವಿರಲಿಲ್ಲ. ತೆರವಾಗಿದ್ದ ಅವರ ಸ್ಥಾನದಲ್ಲಿ ಕುಳಿತು ಲೇವರಿಯು ಚಿಕ್ಕದೊಂದು ಚಿತ್ರವನ್ನು ಬರೆದುಕೊಂಡನು. ಅನಂತರ ತನ್ನ ಚಿತ್ರಶಾಲೆಯಲ್ಲಿ ಅದನ್ನೇ ಆಧರಿಸಿ, ಸುಮಾರು 3 ಮೀಟರ್ ಅಗಲದ ಬೃಹತ್ ಚಿತ್ರವನ್ನು ರಚಿಸತೊಡಗಿದನು. ಚಿತ್ರದಲ್ಲಿ ನ್ಯಾಯಾಧೀಶರಿದ್ದಾರೆ, ಬಿಳಿಯ ಕೃತಕ ಕೇಶ ಧರಿಸಿದ ನ್ಯಾಯವಾದಿಗಳಿದ್ದಾರೆ, ಕಿಕ್ಕಿರಿದ ಪ್ರೇಕ್ಷಕರಿದ್ದಾರೆ. ಇವರೆಲ್ಲರ ನಡುವೆ, ಕಟಕಟೆಯಲ್ಲಿ, ಕೇಸ್‌ಮೆಂಟನು ಚಿತ್ರವನ್ನು ನೋಡುವವರ ಕಡೆಗೆ ಮುಖಮಾಡಿದ್ದಾನೆ. ಜ್ಯೂರಿಗಳ ಸ್ಥಾನದಿಂದ ಕಂಡ ದೃಶ್ಯವಾದುದರಿಂದ, ಚಿತ್ರವನ್ನು ನೋಡುವ ಪ್ರತಿಯೊಬ್ಬನೂ ತೀರ್ಪು ನೀಡಬೇಕಾದವನ ಸ್ಥಾನದಲ್ಲಿ ನಿಲ್ಲುತ್ತಾನೆ.

ಮೇಲ್ಮನವಿಯು ತಿರಸ್ಕೃತವಾಯಿತು. ಆಗಸ್ಟ್ 3ರಂದು ಕೇಸ್‌ಮೆಂಟನನ್ನು ಗಲ್ಲಿಗೇರಿಸಲಾಯಿತು. ಚಿತ್ರವು ಮಾತ್ರ ಬಹುಕಾಲ ಕಲಾವಿದನ ಬಳಿಯಲ್ಲಿಯೇ ಉಳಿಯಿತು. 1941ರಲ್ಲಿ ಲೇವರಿಯು ಮೃತನಾದ ಬಳಿಕ ಅದು ಲಂಡನ್ನಿನ ನ್ಯಾಯಾಲಯಕ್ಕೆ ಸೇರಿತು. ಬ್ರಿಟನ್ನಿಗೆ ಅದು ದ್ರೋಹಿಯೊಬ್ಬನ ಚಿತ್ರ. ಐರ್ಲೆಂಡಿಗೆ ಹುತಾತ್ಮನ ಚಿತ್ರ. ಕೊನೆಗೆ, 1950ರ ಸುಮಾರಿಗೆ, ಅದನ್ನು ಅವಧಿಯ ಮಿತಿಯಿಲ್ಲದ ಎರವಲಾಗಿ ಡಬ್ಲಿನ್ನಿನ ಕಿಂಗ್ಸ್ ಇನ್ಸ್ ಎಂಬ ನ್ಯಾಯವಾದಿಗಳ ಸಂಸ್ಥೆಗೆ ಕಳುಹಿಸಿಕೊಡಲಾಯಿತು. 1965ರಲ್ಲಿ ಕೇಸ್‌ಮೆಂಟನ ಅಸ್ಥಿಗಳೂ ಸ್ವದೇಶಕ್ಕೆ ಮರಳಿದವು.

ಇಂಗ್ಲೆಂಡಿನಲ್ಲಿ 1925ರ ಕಾಯಿದೆಯೊಂದು ನ್ಯಾಯಾಲಯದೊಳಗೆ ಛಾಯಾಚಿತ್ರ ತೆಗೆಯುವುದನ್ನೂ ಚಿತ್ರ ಬರೆಯುವುದನ್ನೂ ನಿಷೇಧಿಸಿತು. ಇದರಿಂದಲೂ ಲೇವರಿಯ ಕೃತಿಯ ಬೆಲೆ ಹೆಚ್ಚಿದೆ. ಅದು ಕೇಸ್‌ಮೆಂಟನನ್ನು ನಿರ್ದೋಷಿಯೆಂದು ಸಾರುವುದಿಲ್ಲ, ಅಪರಾಧಿಯೆಂದು ಹಳಿಯುವುದೂ ಇಲ್ಲ. ಸಾವಿನೆದುರು ನಿಂತ ಒಬ್ಬ ಮನುಷ್ಯನನ್ನು ಇದ್ದಂತೆಯೇ ತೋರಿಸುತ್ತದೆ. ಕಾನೂನಿನ ತೀರ್ಪು ಎರಡು ದಿನಗಳಲ್ಲಿ ಮುಗಿಯಿತು. ಚಿತ್ರವು ಕೇಳುವ ಪ್ರಶ್ನೆ ಇನ್ನೂ ಮುಗಿದಿಲ್ಲ.