ಪುಟ್ಟ ಅಂಗಡಿಗೂ ಬಂತು ಕಾರ್ಡ್ ಗಲ್ಲಾ

1994ರ ಆಗಸ್ಟ್‌ನಲ್ಲಿ ಅಮೆರಿಕದ ನೆಟ್‌ಮಾರ್ಕೆಟ್ ಎಂಬ ಜಾಲತಾಣ ಗಾಯಕ ಸ್ಟಿಂಗ್ ಅವರ ಸಿ.ಡಿ.ಯೊಂದನ್ನು ಮಾರಿತು. ಕೊಂಡವನ ಕಾರ್ಡ್ ಸಂಖ್ಯೆ ಬೇರೆ ಯಾರಿಗೂ ಓದಲಾಗದಂತೆ ಗೂಢಲಿಪಿಯಲ್ಲಿ ಬಂದು ತಲುಪಿತ್ತು. ತಂತ್ರಜ್ಞಾನ ಅಂದೇ ಸಿದ್ಧವಿತ್ತು. ಸಣ್ಣ ವ್ಯಾಪಾರಿಯನ್ನು ನಂಬುವವರು ಮಾತ್ರ ಇರಲಿಲ್ಲ.

ಬ್ಯಾಂಕುಗಳ ಅಂಜಿಕೆಗೂ ಕಾರಣವಿತ್ತು. ‘ಸಾಮಾನು ಬರಲೇ ಇಲ್ಲ’ ಎಂದು ಗ್ರಾಹಕ ತಕರಾರು ತೆಗೆದರೆ ಹಣ ವಾಪಸ್ ಹೋಗಬೇಕು; ಅಷ್ಟರಲ್ಲಿ ವ್ಯಾಪಾರಿ ಅಂಗಡಿ ಮುಚ್ಚಿದ್ದರೆ ನಷ್ಟ ಬ್ಯಾಂಕಿನದು. ಹಾಗಾಗಿ ಠೇವಣಿ, ವಹಿವಾಟಿನ ದಾಖಲೆ ಎಂದು ಷರತ್ತುಗಳು ಬೆಳೆದವು. ಭಾರತದಲ್ಲಿ 2000ದ ಸುಮಾರಿಗೆ ಬಿಲ್‌ಡೆಸ್ಕ್, ಸಿಸಿಅವೆನ್ಯೂಗಳಂಥ ಮಧ್ಯವರ್ತಿ ಕಂಪನಿಗಳು ಬಂದವು. ಬ್ಯಾಂಕುಗಳ ಜತೆ ಇವು ಒಪ್ಪಂದ ಮಾಡಿಕೊಂಡು, ತಮ್ಮ ಆಸರೆಯಲ್ಲಿ ಅನೇಕ ವ್ಯಾಪಾರಿಗಳಿಗೆ ದಾರಿ ಮಾಡಿಕೊಟ್ಟವು.

2009ರ ಆಗಸ್ಟ್ 1ರಿಂದ ರಿಸರ್ವ್ ಬ್ಯಾಂಕ್ ಇನ್ನೊಂದು ಬೀಗ ಹಾಕಿತು: ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಲು ಅದರ ಮೇಲಿನ ಅಂಕಿಗಳಷ್ಟೇ ಸಾಲವು, ಪಾಸ್‌ವರ್ಡ್ ಅಥವಾ ಒಟಿಪಿಯೂ ಬೇಕು. ಆ ದಿನಗಳ ನಿಧಾನಗತಿಯ ನೆಟ್‌ನಲ್ಲಿ ಪುಟ ಅರ್ಧಕ್ಕೇ ನಿಂತು ಪಾವತಿ ಕೈಕೊಡುವುದು ಮಾಮೂಲಾಗಿತ್ತು. ಇಂಥ ದಿನಗಳಲ್ಲೇ, 2010ರಲ್ಲಿ, ಬೆಂಗಳೂರಿನ ಫ್ಲಿಪ್‌ಕಾರ್ಟ್ ಮನೆಬಾಗಿಲಲ್ಲೇ ನಗದು ಪಡೆಯಲು ಶುರುಮಾಡಿತು. ಆದರೂ ಆ ಬೀಗ ಬೇಕೇ ಇತ್ತು. ಜನ ಧೈರ್ಯವಾಗಿ ಕಾರ್ಡ್ ಬಳಸುವಂತಾದದ್ದರಲ್ಲಿ ಅದರ ಪಾಲು ದೊಡ್ಡದು.

ಸಣ್ಣವರಿಗೆ ಬಾಗಿಲು ಅಗಲವಾಗಿ ತೆರೆದದ್ದು ನಂತರದ ತಲೆಮಾರಿನ ಕಂಪನಿಗಳಿಂದ. ಬೆಂಗಳೂರಿನ ಇನ್‌ಸ್ಟಾಮೋಜೊ 2012ರಲ್ಲಿ ಆರಂಭವಾಯಿತು. ವೆಬ್‌ಸೈಟೇ ಇಲ್ಲದವರೂ ಅದರ ಲಿಂಕ್ ಕಳಿಸಿ ಹಣ ಪಡೆಯಬಹುದಾಯಿತು. 2014ರಲ್ಲಿ ಹರ್ಷಿಲ್ ಮಾಥುರ್, ಶಶಾಂಕ್ ಕುಮಾರ್ ರೇಜರ್‌ಪೇ ಕಟ್ಟಿದರು. ಅರ್ಜಿ ಆನ್‌ಲೈನ್‌ಗೆ ಬಂತು, ಪಾವತಿ ವ್ಯವಸ್ಥೆಯನ್ನು ತಾಣಕ್ಕೆ ಜೋಡಿಸುವ ಕೋಡ್ ಕೆಲವೇ ಸಾಲುಗಳಿಗೆ ಇಳಿಯಿತು.

ಇಂದು ಇಳಕಲ್ ಸೀರೆ ಮಾರುವವರೊಬ್ಬರು ಜಾಲತಾಣ ತೆರೆದರೆ ಇಂಥ ಕಂಪನಿಗೆ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಕೊಡಬೇಕು. ಮಾರಾಟದ ನಿಯಮವನ್ನೂ ಹಣ ಮರಳಿಸುವ ಅವಧಿಯನ್ನೂ ತಾಣದಲ್ಲಿ ಸ್ಪಷ್ಟವಾಗಿ ಬರೆದಿರಬೇಕೆಂದು ರಿಸರ್ವ್ ಬ್ಯಾಂಕಿನ 2020ರ ಮಾರ್ಗಸೂಚಿ ಹೇಳಿತ್ತು. ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಅಂಗಡಿಯವರು ಇಟ್ಟುಕೊಳ್ಳುವಂತಿಲ್ಲ. 2022ರ ಅಕ್ಟೋಬರ್‌ನಿಂದ ಅದರ ಜಾಗಕ್ಕೆ ಟೋಕನ್ ಎಂಬ ಬದಲಿ ಸಂಕೇತ ಬಂದಿದೆ. ಕಳವಾಗಲು ಅಂಗಡಿಯಲ್ಲಿ ಸಂಖ್ಯೆಯೇ ಇಲ್ಲದಿರುವುದು ಸಣ್ಣವರಿಗೆ ದೊಡ್ಡ ನೆಮ್ಮದಿ.

ಸಾವಿರ ರೂಪಾಯಿಯ ಕಾರ್ಡ್ ಮಾರಾಟಕ್ಕೆ ಪಾವತಿ ಕಂಪನಿಯ ಶೇ 2ರ ಶುಲ್ಕವೆಂದರೆ 20 ರೂಪಾಯಿ. ಕೈಗೆ ಬರುವುದು 980 ರೂಪಾಯಿ. ರುಪೇ ಡೆಬಿಟ್ ಕಾರ್ಡ್‌ಗೂ ಯುಪಿಐಗೂ 2020ರ ಜನವರಿಯಿಂದ ವ್ಯಾಪಾರಿ ಶುಲ್ಕ ಶೂನ್ಯ. ಹೀಗಾಗಿ ಅನೇಕರಿಗೆ ಯುಪಿಐಯೇ ಇಷ್ಟ. ಆದರೆ ಕಂತಿನಲ್ಲಿ ಕೊಳ್ಳುವವರಿಗೂ ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಕಾರ್ಡ್ ಸೌಲಭ್ಯ ಇರಲೇಬೇಕು. ವಿದೇಶಿ ಕಾರ್ಡ್‌ಗೆ ಪ್ರತ್ಯೇಕ ಅನುಮತಿ ಪಡೆಯಬೇಕು, ಶುಲ್ಕವೂ ಹೆಚ್ಚು. ರಿಸರ್ವ್ ಬ್ಯಾಂಕಿನ ಒಟಿಪಿ ನಿಯಮ ಅವಕ್ಕೆ ಅನ್ವಯಿಸದು. ಆದ್ದರಿಂದ ತಕರಾರು ಬಂದಾಗ ಸೀರೆ ತಲುಪಿದ್ದನ್ನು ತೋರಿಸಲು ಕೊರಿಯರ್ ರಸೀದಿಯನ್ನೂ ಗ್ರಾಹಕರ ಜತೆಗಿನ ಪತ್ರವ್ಯವಹಾರವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.