ತಾಳ ಕೂಡಿಸುವ ಕಿವಿಗೇ ಕುತ್ತು

ಕತ್ತು ಓರೆ ಮಾಡಿ, ಹೆಡ್‌ಫೋನಿನ ಒಂದು ಬಟ್ಟಲನ್ನು ಭುಜಕ್ಕೂ ಕಿವಿಗೂ ನಡುವೆ ಅವುಚಿಕೊಂಡು, ಇನ್ನೊಂದು ಕಿವಿಯನ್ನು ಕ್ಲಬ್ಬಿನ ಸದ್ದಿಗೆ ತೆರೆದಿಟ್ಟು ನಿಂತ ಮನುಷ್ಯ. ಡಿಜೆ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಇದು. ಕಲಿಯಲು ಬಂದವರು ಮೊದಲು ಅನುಕರಿಸುವುದೂ ಈ ಭಂಗಿಯನ್ನೇ. ಆದರೆ ಹೀಗೆ ನಿಂತವರ ಎರಡು ಕಿವಿಗಳಿಗೂ ಎರಡು ದಿಕ್ಕಿನಿಂದ ಪೆಟ್ಟು ಬೀಳುತ್ತಿರುತ್ತದೆ. ಅದು ಎಷ್ಟು ದೊಡ್ಡ ಪೆಟ್ಟು, ಎಷ್ಟು ನಿಮಿಷದಲ್ಲಿ ಹಾನಿಯ ಅಪಾಯ ಶುರುವಾಗುತ್ತದೆ ಎಂಬ ಲೆಕ್ಕ ವಿಜ್ಞಾನದ ಬಳಿ ಇದೆ. ಆ ಲೆಕ್ಕವನ್ನು ಈಗಲೇ ಕಿವಿಗೆ ಹಾಕಿಕೊಳ್ಳದಿದ್ದರೆ, ಇಂದು ಇಪ್ಪತ್ತರ ಹರೆಯದಲ್ಲಿರುವ ಡಿಜೆಗಳು ನಲವತ್ತು ದಾಟುವ ಹೊತ್ತಿಗೆ ಮಾತು ಕೇಳಲು ತಡಕಾಡಬೇಕಾಗಬಹುದು.

ಒಂದು ಹಾಡು ಜನರಿಗೆ ಕೇಳುತ್ತಿರುವಾಗಲೇ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸಿಕೊಂಡು, ಅದರ ವೇಗವನ್ನು ಹೆಚ್ಚು ಕಡಿಮೆ ಮಾಡಿ, ಎರಡರ ತಾಳವನ್ನೂ ಒಂದಾಗಿಸುವ ಕೆಲಸಕ್ಕೆ ಬೀಟ್‌ಮ್ಯಾಚಿಂಗ್ ಎನ್ನುತ್ತಾರೆ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಸ್ಯಾಂಕ್ಚುಯರಿ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಫ್ರಾನ್ಸಿಸ್ ಗ್ರಾಸೊ ಈ ಕಲೆಯನ್ನು ಬೆಳೆಸಿದವರಲ್ಲಿ ಮೊದಲಿಗರು. ನಿಮಿಷಕ್ಕೆ 128 ಬೀಟ್‌ಗಳ ಹಾಡಿನಲ್ಲಿ ಒಂದು ಏಟಿಗೂ ಮುಂದಿನ ಏಟಿಗೂ ಇರುವ ಅಂತರ ಸುಮಾರು 469 ಮಿಲಿಸೆಕೆಂಡು. ಅದರಲ್ಲಿ ಹತ್ತಾರು ಮಿಲಿಸೆಕೆಂಡು ಜಾರಿದರೂ ಎರಡು ಡ್ರಮ್ಮುಗಳು ಒಂದನ್ನೊಂದು ಎಡವಿದಂತೆ ಕೇಳುತ್ತದೆ. ಇಷ್ಟು ಸೂಕ್ಷ್ಮ ಕೆಲಸವನ್ನು ಭಾರಿ ಸದ್ದಿನ ನಡುವೆ ಮಾಡಬೇಕಾಗಿರುವುದೇ ತೊಂದರೆಯ ಮೂಲ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಕ್ಲಬ್ಬಿನ ಮುಖ್ಯ ಸ್ಪೀಕರ್ 10 ಮೀಟರ್ ದೂರವಿದ್ದರೆ ಅದರ ಸದ್ದು ಡಿಜೆಯನ್ನು ತಲುಪುವಾಗ 29 ಮಿಲಿಸೆಕೆಂಡು ತಡವಾಗಿರುತ್ತದೆ. ಅದನ್ನು ನಂಬಿ ತಾಳ ಕೂಡಿಸಿದರೆ ತಪ್ಪುವುದು ಖಚಿತ. ಆದ್ದರಿಂದಲೇ ಡಿಜೆ ನಿಂತು ನುಡಿಸುವ ಬೂತಿನಲ್ಲಿ, ಅವರ ಪಕ್ಕದಲ್ಲೇ, ಬೂತ್ ಮಾನಿಟರ್ ಎಂಬ ಬೇರೆ ಸ್ಪೀಕರ್ ಇಡುತ್ತಾರೆ. ತಡವಾಗಿ ಬರುವ ಸದ್ದನ್ನು ಮುಚ್ಚಿಹಾಕಲು ಮಾನಿಟರಿನ ಸದ್ದು ಏರುತ್ತದೆ. ಮಾನಿಟರನ್ನು ಮೀರಿ ಕೇಳಿಸಲು ಹೆಡ್‌ಫೋನಿನ ಸದ್ದು ಏರುತ್ತದೆ. ಹೆಡ್‌ಫೋನಿನ ಬಟ್ಟಲು ತಾರಸ್ಥಾಯಿಯ ಸದ್ದನ್ನು ಚೆನ್ನಾಗಿ ತಡೆದರೂ ಬೇಸ್ ಒಳಕ್ಕೆ ನುಗ್ಗುತ್ತದೆ. ಭುಜದಲ್ಲಿ ಅವುಚಿದ ಬಟ್ಟಲು ಕಿವಿಗೆ ಸರಿಯಾಗಿ ಕೂರದಿದ್ದರೆ ಇನ್ನೂ ಹೆಚ್ಚು. ತಾಳದ ಬೇಸ್ ಏಟು ಕೊಡುವ ಕಿಕ್ ಡ್ರಮ್ ಕೇಳಬೇಕೆಂದು ಡಿಜೆ ವಾಲ್ಯೂಮ್ ಗುಂಡಿಯನ್ನು ಮತ್ತಷ್ಟು ತಿರುಗಿಸುತ್ತಾರೆ. ಗಂಟೆಗಳು ಕಳೆದಂತೆ ದಣಿದ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ. ಮೊದಲಿನಂತೆ ಕೇಳಿಸಲಿ ಎಂದು ಗುಂಡಿ ಮತ್ತೆ ತಿರುಗುತ್ತದೆ. ರಾತ್ರಿ ಮುಗಿಯುವಾಗ ಹೆಡ್‌ಫೋನ್ ಎಷ್ಟು ಜೋರಾಗಿತ್ತೆಂಬುದು ಅದನ್ನು ಹಾಕಿಕೊಂಡಿದ್ದವರಿಗೇ ತಿಳಿದಿರುವುದಿಲ್ಲ.

ಕೆಲಸದ ಸ್ಥಳದ ಸದ್ದಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಯೋಶ್ ಹಾಕಿಕೊಟ್ಟ ಮಿತಿ ಹೀಗಿದೆ: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಶಬ್ದಶಕ್ತಿ ಇಮ್ಮಡಿಯಾಗುತ್ತದೆ, ಸಮಯ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ 1 ಗಂಟೆ, 97ಕ್ಕೆ 30 ನಿಮಿಷ, 100ಕ್ಕೆ 15 ನಿಮಿಷ, 103 ಮುಟ್ಟಿದರೆ ಎಂಟು ನಿಮಿಷವೂ ಇಲ್ಲ. 100 ಡೆಸಿಬೆಲ್ ಬೂತಿನಲ್ಲಿ ಎರಡು ಗಂಟೆ ನುಡಿಸಿದವರು ಒಂದು ದಿನದ ಪಾಲಿನ ಎಂಟರಷ್ಟನ್ನು ಒಂದೇ ಸೆಟ್‌ನಲ್ಲಿ ನುಂಗಿರುತ್ತಾರೆ. ಮರುದಿನ ಮತ್ತೊಂದು ಕ್ಲಬ್ ಕಾದಿರುತ್ತದೆ.

ಇದು ಕಾಗದದ ಮೇಲಿನ ಅಂಜಿಕೆಯಲ್ಲ. ಬ್ರಿಟನ್ನಿನಲ್ಲಿ 23 ಡಿಜೆಗಳ ಶ್ರವಣ ಪರೀಕ್ಷೆ ಮಾಡಿದ ವೈದ್ಯರ ವರದಿ 2004ರಲ್ಲಿ ಪ್ರಕಟವಾಯಿತು. ಬೂತಿನ ಸದ್ದು 108 ಡೆಸಿಬೆಲ್‌ವರೆಗೂ ಏರಿತ್ತು; ಒಂದು ಸೆಟ್‌ನ ಸರಾಸರಿ 96. ನುಡಿಸಿದ ಮೇಲೆ ಕಿವಿ ಮಂದವಾಗುತ್ತದೆ ಎಂದವರು ಶೇಕಡಾ 70, ಕಿವಿಮೊರೆತ ಬರುತ್ತದೆ ಎಂದವರು ಶೇಕಡಾ 74. ಮೂವರಲ್ಲಿ ಸದ್ದಿನಿಂದಾದ ಶ್ರವಣನಷ್ಟ ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮಿನಲ್ಲೇ ಕಂಡಿತು. 23 ಸಣ್ಣ ಸಂಖ್ಯೆಯೇ. ಆದರೆ ನಾಲ್ವರಲ್ಲಿ ಮೂವರ ಕಿವಿ ಮೊರೆಯುತ್ತಿದೆ ಎಂಬ ಸೂಚನೆಯನ್ನು ಸಂಖ್ಯೆ ಸಣ್ಣದೆಂದು ಪಕ್ಕಕ್ಕಿಡಲಾಗದು.

ಒಳಕಿವಿಯಲ್ಲಿ ಶಬ್ದವನ್ನು ನರದ ಸಂದೇಶವಾಗಿಸುವ ರೋಮಕೋಶಗಳು ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟಿವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿನ ಹಾನಿ ಮೊದಲು ಕಾಣಿಸುವುದು 3,000ದಿಂದ 6,000 ಹರ್ಟ್ಸ್ ನಡುವೆ. ಮಾತಿನ ವ್ಯಂಜನಗಳನ್ನು ಬಿಡಿಸಿ ತಿಳಿಸುವ ಸೂಕ್ಷ್ಮ ಧ್ವನಿಗಳು, ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಗಳ ಸದ್ದಿನ ಅಂಚು ಇರುವುದೂ ಅಲ್ಲೇ. ಇನ್ನೊಂದು ಹಾನಿ ಪರೀಕ್ಷೆಯ ಕಣ್ಣಿಗೇ ಬೀಳದು. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಎರಡು ಗಂಟೆ 100 ಡೆಸಿಬೆಲ್ ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಇಲಿಗಳ ಶ್ರವಣಮಟ್ಟ ಮೊದಲಿನಂತಾಯಿತು. ಆದರೆ ಒಳಕಿವಿಯ ಕೆಲವು ಭಾಗಗಳಲ್ಲಿ ರೋಮಕೋಶಕ್ಕೂ ನರಕ್ಕೂ ನಡುವಿನ ಬೆಸುಗೆಗಳು ಅರ್ಧದಷ್ಟು ಶಾಶ್ವತವಾಗಿ ಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಅಧ್ಯಯನ ಮುಂದುವರಿದಿದೆ. ಬೆಸುಗೆ ಕಡಿದ ಕಿವಿ ನಿಶ್ಶಬ್ದ ಕೋಣೆಯ ಪರೀಕ್ಷೆಯಲ್ಲಿ ಪಾಸಾಗಿ, ಗದ್ದಲದ ನಡುವೆ ಒಂದು ಧ್ವನಿಯನ್ನು ಹೆಕ್ಕುವಾಗ ಸೋಲಬಹುದು ಎಂಬುದು ವಿಜ್ಞಾನಿಗಳ ಆತಂಕ. ಗದ್ದಲದಲ್ಲಿ ಒಂದು ತಾಳವನ್ನು ಹೆಕ್ಕುವುದೇ ಡಿಜೆಯ ವಿದ್ಯೆ. ಬೆಳಿಗ್ಗೆ ಎದ್ದಾಗ ಮೊರೆತ ನಿಂತಿತೆಂದು ನಿಶ್ಚಿಂತರಾಗುವಂತಿಲ್ಲ.

ವಿಶ್ವದಲ್ಲಿ ನೂರು ಕೋಟಿಗೂ ಹೆಚ್ಚು ಯುವಜನ ಸಂಗೀತದ ಅತಿ ಸದ್ದಿನಿಂದ ಶ್ರವಣನಷ್ಟದ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅವರಲ್ಲಿ ಡಿಜೆಗಳ ಸ್ಥಿತಿ ಇನ್ನೂ ಬಿಗಡಾಯಿಸಿದ್ದು: ಕುಣಿಯಲು ಬಂದವರು ಒಂದು ರಾತ್ರಿ ಕೇಳಿ ಹೋಗುತ್ತಾರೆ, ಡಿಜೆಗೆ ಅದೇ ದಿನನಿತ್ಯದ ದುಡಿಮೆ. ಬೆಂಗಳೂರಿನ ಪಬ್ಬು, ಮದುವೆ ಮಂಟಪ, ಕಾಲೇಜು ಹಬ್ಬಗಳಲ್ಲಿ ನುಡಿಸಿ ಬದುಕು ಕಟ್ಟಿಕೊಳ್ಳುತ್ತಿರುವ ಹುಡುಗ ಹುಡುಗಿಯರೂ ಈ ಸಾಲಿನಲ್ಲಿದ್ದಾರೆ.

ತಂತ್ರ ಬದಲಿಸಿದರೆ ಈ ಹಾನಿಯನ್ನು ತಡೆಯಬಹುದು. ತೆರೆದ ಕಿವಿಗೆ ಸಂಗೀತಗಾರರ ಇಯರ್‌ಪ್ಲಗ್ ಹಾಕಿ. ಅದು ಎಲ್ಲ ಸ್ವರಗಳನ್ನೂ ಹೆಚ್ಚು ಕಡಿಮೆ ಸಮನಾಗಿ ತಗ್ಗಿಸುವುದರಿಂದ ಹಾಡು ಕೆಡುವುದಿಲ್ಲ. 15 ಡೆಸಿಬೆಲ್ ತಗ್ಗಿದರೂ 100 ಎಂಬುದು 85 ಆಗುತ್ತದೆ; ಹದಿನೈದು ನಿಮಿಷದ ಅವಕಾಶ ಎಂಟು ಗಂಟೆಯಾಗುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ, ಬಿಗಿಯಾಗಿ ಕೂರುವ ಹೆಡ್‌ಫೋನನ್ನೇ ಆರಿಸಿ. ಹಾಡುಗಳನ್ನು ಬೆರೆಸುವ ಮಿಕ್ಸರಿನಲ್ಲಿ ಸ್ಪ್ಲಿಟ್ ಕ್ಯೂ ಎಂಬ ಸೌಲಭ್ಯ ಇದ್ದರೆ ಎರಡು ಬಟ್ಟಲನ್ನೂ ಹಾಕಿಕೊಂಡು ಒಂದರಲ್ಲಿ ಮುಂದಿನ ಹಾಡು, ಇನ್ನೊಂದರಲ್ಲಿ ಜನರಿಗೆ ಕೇಳುತ್ತಿರುವ ಹಾಡು ಎಂದು ಕೇಳಿ. ಆಗ ಹೊರಗಿನ ಸದ್ದಿನೊಡನೆ ಅಷ್ಟಾಗಿ ಸೆಣಸಬೇಕಿಲ್ಲ, ಸ್ಪೀಕರಿನ ತಡದ ಗೊಂದಲವೂ ಇಲ್ಲ. ಒಳಕ್ಕೆ ನುಗ್ಗುವ ಬೇಸ್‌ನ ಜೊತೆ ಹೋರಾಡುವ ಬದಲು ಹೈ-ಹ್ಯಾಟ್, ಚಪ್ಪಾಳೆ ಸದ್ದುಗಳ ಮೇಲೆ ತಾಳ ಕೂಡಿಸಿ. ಅವು ಕಡಿಮೆ ವಾಲ್ಯೂಮಿನಲ್ಲೂ ಸ್ಪಷ್ಟ. ತಾಳ ಕೂಡಿದೊಡನೆ ಹೆಡ್‌ಫೋನ್ ತೆಗೆಯಿರಿ, ಮಾನಿಟರ್ ಇಳಿಸಿ. ಸೆಟ್ ಶುರುವಾದಾಗ ಹೆಡ್‌ಫೋನಿನ ಗುಂಡಿ ಎಲ್ಲಿತ್ತೋ ಅಲ್ಲಿಂದ ಮೇಲಕ್ಕೆ ಹೋಗುವುದಿಲ್ಲ ಎಂಬ ನಿಯಮವನ್ನು ನೀವೇ ಹಾಕಿಕೊಳ್ಳಿ.

ಹೊಣೆ ಡಿಜೆಯೊಬ್ಬರದೇ ಅಲ್ಲ. ಬ್ರಿಟನ್ನಿನ 2005ರ ಕೆಲಸದ ಸ್ಥಳದ ಶಬ್ದ ನಿಯಂತ್ರಣ ನಿಯಮಗಳು 2008ರ ಏಪ್ರಿಲ್‌ನಿಂದ ಸಂಗೀತ ಮತ್ತು ಮನರಂಜನೆಯ ಉದ್ಯಮಕ್ಕೂ ಅನ್ವಯಿಸುತ್ತಿವೆ. ಅಲ್ಲಿ ಸರಾಸರಿ 85 ಡೆಸಿಬೆಲ್ ತಲುಪಿದರೆ ಕಿವಿರಕ್ಷಣೆ ಒದಗಿಸುವುದು ಮಾಲೀಕರ ಕರ್ತವ್ಯ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾನದಂಡ ಸಂಗೀತ ಸ್ಥಳಗಳ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು, ಅದನ್ನು ನುಡಿಸುವಾಗಲೇ ಅಳೆಯುತ್ತಿರಬೇಕು, ಇಯರ್‌ಪ್ಲಗ್ ಮತ್ತು ಶಾಂತ ಕೋಣೆ ದೊರೆಯಬೇಕು ಎನ್ನುತ್ತದೆ. ನಮ್ಮ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಕಾಯುವುದು ಮುಖ್ಯವಾಗಿ ಸುತ್ತಲ ಬಡಾವಣೆಯ ನೆಮ್ಮದಿಯನ್ನು. ಬೂತಿನೊಳಗಿನ ಕಿವಿಯನ್ನು ಕಾಯುವ ಕೆಲಸ ಕ್ಲಬ್ಬಿನ ಮಾಲೀಕರು ಮತ್ತು ಡಿಜೆ ಶಾಲೆಗಳ ಮೇಲಿದೆ.

ಡಿಜೆ ಕಲಿಸುವವರು ಮೊದಲ ಪಾಠದಲ್ಲೇ ಇಯರ್‌ಪ್ಲಗ್ ಕೊಡಲಿ. ಕ್ಲಬ್ಬಿನವರು ಬೂತಿನಲ್ಲೊಂದು ಶಬ್ದಮಾಪಕ ಇಡಲಿ. ನುಡಿಸುವವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರ ನಮ್ಮಲ್ಲೇ ಇದೆ. ಮೊರೆತ ಮರುದಿನವೂ ನಿಲ್ಲದಿದ್ದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಕಾಯದೆ ಕಿವಿ ವೈದ್ಯರನ್ನು ಕಾಣಿರಿ. ಹಾಳಾದ ಹೆಡ್‌ಫೋನನ್ನು ಬದಲಿಸಬಹುದು. ಸತ್ತ ರೋಮಕೋಶವನ್ನು ಮರಳಿ ತರುವ ಚಿಕಿತ್ಸೆ ಇಂದಿಗೂ ಇಲ್ಲ.