ಜಪಾನಿನ ವಿದ್ಯುತ್ ರೈಲುಗಾಡಿಗಳು

ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯು ನಮ್ಮ ವಾಚಕರೆಲ್ಲರಿಗೂ ತಿಳಿದುದೇ ಆಗಿದೆ. ಮನೆಯಲ್ಲಿ ಮದುವೆಯೋ ಮುಂಜಿಯೋ ನಡೆಯುವಾಗ ನೀರು ತರುವವರು, ತರಕಾರಿ ಹೆಚ್ಚುವವರು, ಎಲೆ ಹಾಕುವವರು, ಬಡಿಸುವವರು ಎಂದು ಕೆಲಸವು ಹಂಚಿಹೋದರೆ ಐನೂರು ಜನರ ಊಟವೂ ಹೂವೆತ್ತಿದಂತೆ ಮುಗಿಯುವುದು. ಎಲ್ಲವೂ ಯಜಮಾನಿಯೊಬ್ಬಳ ಮೇಲೆಯೇ ಬಿದ್ದರೆ ಐವತ್ತು ಜನರ ಅಡಿಗೆಯೂ ಬೆಟ್ಟವಾಗುವುದು. ಇಷ್ಟು ಸಾಮಾನ್ಯವಾದ ಈ ತತ್ತ್ವವನ್ನು ಉಕ್ಕಿನ ಗಾಲಿಗಳಿಗೆ ಅನ್ವಯಿಸಿ, ಅದರಿಂದ ಲೋಕವೇ ಬೆರಗಾಗುವಂತಹ ವೇಗವನ್ನು ಸಾಧಿಸಿದವರು ಜಪಾನ್ ದೇಶದ ರೈಲ್ವೆ ಎಂಜಿನಿಯರುಗಳು. ಅವರು ಅದನ್ನು ಹೇಗೆ ಸಾಧಿಸಿದರು, ಅದಕ್ಕೆ ಯಾವ ಬೆಲೆಯನ್ನು ತೆತ್ತರು ಎಂಬುದನ್ನು ಈ ಲೇಖನದಲ್ಲಿ ನಿರೂಪಿಸಲು ಯತ್ನಿಸುವೆವು.

ಜಪಾನಿನಲ್ಲಿ ಮೊದಲ ರೈಲು ಓಡಿದುದು 1872ನೆಯ ಇಸವಿಯಲ್ಲಿ, ತೋಕಿಯೋ ನಗರದ ಶಿಂಬಾಶಿಯಿಂದ ಯೋಕೊಹಾಮಾ ಬಂದರಿಗೆ. ಆಗ ಹಾಕಿದ ಹಳಿಗಳ ನಡುವಣ ಅಂತರವು 1067 ಮಿಲಿಮೀಟರುಗಳು. ಯೂರೋಪು ಅಮೆರಿಕಗಳಲ್ಲಿ ಬಹುಮಟ್ಟಿಗೆ ರೂಢಿಯಲ್ಲಿದ್ದ ಅಳತೆಯು 1435 ಮಿಲಿಮೀಟರು. ಬೆಂಗಳೂರಿನಿಂದ ಮೈಸೂರಿಗೆ ಬಹುಕಾಲ ಓಡುತ್ತಿದ್ದ ಮೀಟರು ಗೇಜಿನ ಗಾಡಿಯನ್ನು ಹಿರಿಯರು ನೆನೆಯಬಹುದು. ಜಪಾನಿನ ಹಳಿಯು ಅದಕ್ಕಿಂತ ಕೇವಲ 67 ಮಿಲಿಮೀಟರು, ಎಂದರೆ ನಾಲ್ಕು ಬೆರಳಿನಷ್ಟು ಅಗಲ. ಇದರ ಮೇಲೆ ಆ ದೇಶವು ಬೆಟ್ಟಗಳ ದೇಶ. ಸಮುದ್ರತೀರದ ಕಿರಿದಾದ ಬಯಲುಗಳಲ್ಲಿ ಭೂಮಿಯು ಮೆತ್ತಗೆ, ಹೊಳೆಗಳು ಹಲವು, ದಾರಿಯು ಹೆಜ್ಜೆಹೆಜ್ಜೆಗೆ ತಿರುವು. ಇಂತಹ ಕಿರುದಾರಿಯ ಮೇಲೆ ವೇಗವಾಗಿ ಓಡುವುದು ಹೇಗೆ ಎಂಬುದೇ ಅವರ ಮುಂದಿದ್ದ ಪ್ರಶ್ನೆ.

ಈ ಪ್ರಶ್ನೆಯ ಬಿಗಿಯನ್ನು ತಿಳಿಯಬೇಕಾದರೆ ರೈಲುಗಾಡಿಯನ್ನು ಎಳೆಯುವ ಎಂಜಿನ್ನಿನ ವಿಚಾರವನ್ನು ಸ್ವಲ್ಪ ನೋಡಬೇಕು. ಉಕ್ಕಿನ ಗಾಲಿಯು ಉಕ್ಕಿನ ಹಳಿಯ ಮೇಲೆ ಸುಲಭವಾಗಿ ಜಾರುವುದು. ಜಾರದೆ ಹಿಡಿದು ಎಳೆಯಬೇಕಾದರೆ ಎಂಜಿನ್ನು ಭಾರವಾಗಿರಲೇ ಬೇಕು. ಹಿಂದೆ ಕಟ್ಟಿದ ಡಬ್ಬಿಗಳು ಹೆಚ್ಚಿದಂತೆಲ್ಲ ಅದರ ತೂಕವೂ ಹೆಚ್ಚಬೇಕು. ಆದರೆ ತೂಕ ಹೆಚ್ಚಿದರೆ ಹಳಿಯು ನಲುಗುವುದು, ಸೇತುವೆಯು ಸಹಿಸದು. 1955ರಲ್ಲಿ ಫ್ರಾನ್ಸ್ ದೇಶದವರು ವಿದ್ಯುತ್ ಎಂಜಿನ್ನೊಂದನ್ನು ಗಂಟೆಗೆ 331 ಕಿಲೋಮೀಟರು ವೇಗದಲ್ಲಿ ಓಡಿಸಿ ಖ್ಯಾತಿಯನ್ನು ಪಡೆದರು. ಆದರೆ ಆ ಓಟದ ರಭಸಕ್ಕೆ ಹಳಿಯೇ ಡೊಂಕಾಗಿ ಹೋಗಿತ್ತು. ಒಬ್ಬ ಜಟ್ಟಿಯ ಮೇಲೆಯೇ ಸಕಲ ಭಾರವನ್ನೂ ಹೊರಿಸಿದರೆ ಜಟ್ಟಿಯು ನಡೆದಾನು, ನೆಲ ಕುಸಿದೀತು.

ಇದಕ್ಕೆ ಪರಿಹಾರವೆಂದರೆ ಜಟ್ಟಿಯನ್ನೇ ಬಿಟ್ಟುಬಿಡುವುದು. ಪ್ರಯಾಣಿಕರು ಕೂರುವ ಡಬ್ಬಿಗಳ ಅಡಿಯಲ್ಲಿಯೇ ಸಣ್ಣ ಸಣ್ಣ ವಿದ್ಯುತ್ ಮೋಟಾರುಗಳನ್ನು ಅಳವಡಿಸಿದರೆ ಪ್ರತಿಯೊಂದು ಅಚ್ಚೂ ತನ್ನ ಪಾಲಿನ ಎಳೆತವನ್ನು ತಾನು ಎಳೆಯುವುದು. ಕುಳಿತ ಜನರ ತೂಕವೇ ಗಾಲಿಗೆ ಹಿಡಿತವನ್ನು ಕೊಡುವುದು. ಯಾವ ಒಂದು ಅಚ್ಚಿನ ಮೇಲೂ ಅತಿಭಾರ ಬೀಳದು. ಕೊನೆಯ ನಿಲ್ದಾಣವನ್ನು ಮುಟ್ಟಿದಾಗ ಎಂಜಿನ್ನನ್ನು ಬಿಚ್ಚಿ ಇನ್ನೊಂದು ಕಡೆಗೆ ಕಟ್ಟುವ ತೊಂದರೆಯಿಲ್ಲ. ಚಾಲಕನು ಈ ತುದಿಯಿಂದಿಳಿದು ಆ ತುದಿಗೆ ಹೋಗಿ ಕುಳಿತರಾಯಿತು.

ಈ ಉಪಾಯವು ಜಪಾನಿನವರೇ ಕಂಡುಹಿಡಿದುದಲ್ಲ. ಪಟ್ಟಣಗಳಲ್ಲಿ ಹತ್ತಾರು ಮೈಲಿ ಓಡುವ ವಿದ್ಯುತ್ ಗಾಡಿಗಳು ಅನೇಕ ದೇಶಗಳಲ್ಲಿ ಹೀಗೆಯೇ ಇದ್ದುವು. ಆದರೆ ದೂರದ ಪ್ರಯಾಣಕ್ಕೆ ಇವು ತಕ್ಕವಲ್ಲವೆಂದು ಎಲ್ಲೆಲ್ಲಿಯೂ ನಂಬಿದ್ದರು. ಕುಳಿತವರ ಕಾಲಡಿಯಲ್ಲಿಯೇ ಮೋಟಾರು ಮೊರೆಯುತ್ತಿದ್ದರೆ ಆರು ಗಂಟೆಗಳ ಕಾಲ ಯಾರು ತಾನೇ ಸಹಿಸಿಯಾರು? ಈ ನಂಬಿಕೆಯನ್ನು ಒಪ್ಪದೆ ನಿಂತವರು ಶಿಮಾ ಹಿದೆಯೋ ಎಂಬ ಎಂಜಿನಿಯರು. 1901ರಲ್ಲಿ ಜನಿಸಿದ ಇವರ ತಂದೆ ಶಿಮಾ ಯಾಸುಜಿರೋ ಅವರೂ ರೈಲ್ವೆ ಎಂಜಿನಿಯರೇ. ಜಪಾನಿನ ಹಳಿಯನ್ನು ಅಗಲಗೊಳಿಸಬೇಕೆಂದು ವಾದಿಸಿ, ಅದು ಕೈಗೂಡುವುದನ್ನು ಕಾಣದೆಯೇ ತೀರಿಕೊಂಡವರು. 1950ರಲ್ಲಿ ತೋಕಿಯೋದಿಂದ ನುಮಾಜುವಿನವರೆಗೆ ‘ಶೋನಾನ್’ ಎಂಬ ಉದ್ದನೆಯ ವಿದ್ಯುತ್ ಗಾಡಿಯು ಮಗನ ಪ್ರಯತ್ನದಿಂದ ಓಡತೊಡಗಿತು. ಮೊದಮೊದಲು ಕೆಟ್ಟು ನಿಂತುದೂ ಉಂಟು. ಆದರೆ ಬರಬರುತ್ತ ಜನರಿಗೆ ಅದರಲ್ಲಿ ನಂಬಿಕೆಯು ಕುದುರಿತು.

ಅಷ್ಟರಲ್ಲಿಯೇ ದುರಂತವೊಂದು ನಡೆಯಿತು. 1951ನೆಯ ಏಪ್ರಿಲ್ 24ರಂದು ಯೋಕೊಹಾಮಾದ ಸಾಕುರಾಗಿಚೋ ನಿಲ್ದಾಣದ ಬಳಿ, ಕೆಲಸಗಾರನೊಬ್ಬನ ಕೈತಪ್ಪಿನಿಂದ ಜೋಲುಬಿದ್ದಿದ್ದ ವಿದ್ಯುತ್ ತಂತಿಯು ಬರುತ್ತಿದ್ದ ಗಾಡಿಯ ಮಾಡಿಗೆ ಸಿಕ್ಕಿಕೊಂಡು ಬೆಂಕಿಯೆದ್ದಿತು. ಯುದ್ಧಕಾಲದ ಬಡತನದಲ್ಲಿ ಅಗ್ಗವಾಗಿ ರೂಪಿಸಿದ ಗಾಡಿಯದು. ಕಿಟಕಿಯನ್ನು ಮೂರು ಅಡ್ಡಭಾಗಗಳಾಗಿ ಮಾಡಿದ್ದುದರಿಂದ ಮನುಷ್ಯನು ನುಸುಳುವಷ್ಟೂ ಎಡೆಯಿರಲಿಲ್ಲ; ಬಾಗಿಲನ್ನು ಒಳಗಿನಿಂದ ತೆರೆಯುವ ಬಗೆಯು ಪ್ರಯಾಣಿಕರಿಗೆ ತಿಳಿದಿರಲಿಲ್ಲ. ನೂರ ಆರು ಜನರು ಬೆಂದುಹೋದರು. ಶಿಮಾ ಅವರು ತಮ್ಮ ಪದವಿಗೆ ರಾಜೀನಾಮೆಯನ್ನಿತ್ತು ಹೊರಬಿದ್ದರು. ನಾಲ್ಕು ವರುಷಗಳ ತರುವಾಯ, ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷರಾದ ಸೊಗೋ ಶಿಂಜಿ ಎಂಬ ಹಿರಿಯರು ಒತ್ತಾಯಪಡಿಸಿ ಅವರನ್ನು ಹಿಂದಕ್ಕೆ ಕರೆತಂದರು.

ಯುದ್ಧದಲ್ಲಿ ಸೋತ ಜಪಾನಿಗೆ ವಿಮಾನಗಳನ್ನು ಕಟ್ಟುವ ಅನುಮತಿಯಿಲ್ಲದೆ ಹೋದುದರಿಂದ ನೌಕಾಪಡೆಯ ವಿಮಾನಶಾಸ್ತ್ರಜ್ಞರು ಕೆಲಸವಿಲ್ಲದೆ ಕುಳಿತಿದ್ದರು. ಅವರಲ್ಲಿ ಕೆಲವರು ರೈಲ್ವೆಯ ಸಂಶೋಧನಾಲಯವನ್ನು ಸೇರಿದರು. ಮಾತ್ಸುದೈರಾ ತಾದಾಶಿ ಎಂಬವರು ವಿಮಾನದ ರೆಕ್ಕೆಗಳ ನಡುಕವನ್ನು ಅಭ್ಯಾಸಮಾಡಿದ್ದವರು. ವೇಗವು ಮಿತಿಮೀರಿದಾಗ ಗಾಲಿಗಳು ಹಾವಿನಂತೆ ಅತ್ತಿತ್ತ ಹೊಯ್ದಾಡಿ ಹಳಿತಪ್ಪುವುದಕ್ಕೆ ಹಳಿಯ ದೋಷವೊಂದೇ ಕಾರಣವಲ್ಲ, ಗಾಡಿಯ ಕಟ್ಟಡದಲ್ಲಿಯೇ ಆ ನಡುಕವು ಹುಟ್ಟುವುದೆಂದು ತೋರಿಸಿ, ಅದನ್ನು ಅಡಗಿಸುವ ಮಾರ್ಗವನ್ನು ಕಂಡವರು ಇವರು. ಮಿಕಿ ತಾದಾನಾವೊ ಎಂಬವರು ಗಾಳಿಯನ್ನು ಸೀಳಿ ನಡೆಯುವ ನುಣುಪಾದ ಮೂತಿಯನ್ನೂ ಹಗುರವಾದ ಮೈಯನ್ನೂ ಗಾಡಿಗೆ ಕೊಟ್ಟರು. ಇವರ ನೆರವಿನಿಂದ ಒದಾಕ್ಯೂ ಎಂಬ ಖಾಸಗಿ ಕಂಪೆನಿಯು ಕಟ್ಟಿಸಿದ ಗಾಡಿಯು 1957ರ ಸೆಪ್ಟೆಂಬರ್ ತಿಂಗಳಲ್ಲಿ ಗಂಟೆಗೆ 145 ಕಿಲೋಮೀಟರು ಓಡಿತು. ಅಷ್ಟು ಕಿರಿದಾದ ಹಳಿಯ ಮೇಲೆ ಅದಕ್ಕೆ ಮೊದಲು ಯಾವ ದೇಶದಲ್ಲಿಯೂ ಅಂತಹ ವೇಗವನ್ನು ಕಂಡಿರಲಿಲ್ಲ.

ಇನ್ನು ಸದ್ದು ನಡುಕಗಳ ವಿಚಾರ. ಹಳೆಯ ಗಾಡಿಗಳಲ್ಲಿ ಮೋಟಾರಿನ ಅರ್ಧ ತೂಕವು ನೇರವಾಗಿ ಅಚ್ಚಿನ ಮೇಲೆಯೇ ಕೂರುತ್ತಿತ್ತು. ಹಳಿಯ ಪ್ರತಿಯೊಂದು ಸಂದಿನಲ್ಲಿಯೂ ಸುತ್ತಿಗೆಯ ಪೆಟ್ಟಿನಂತೆ ಹೊಡೆತ ಬೀಳುತ್ತಿತ್ತು. ಹೊಸ ಗಾಡಿಗಳಲ್ಲಿ ಮೋಟಾರನ್ನು ಸ್ಪ್ರಿಂಗುಗಳ ಮೇಲಣ ಚೌಕಟ್ಟಿಗೆ ತೂಗುಹಾಕಿ, ಅದರಿಂದ ಅಚ್ಚಿಗೆ ಬಳುಕುವ ಕೀಲಿನ ಮೂಲಕ ಬಲವನ್ನು ಸಾಗಿಸಿದರು. ಡಬ್ಬಿಗಳ ಕೆಳಗೆ ಉಕ್ಕಿನ ಸುರುಳಿಗೆ ಬದಲಾಗಿ ಗಾಳಿ ತುಂಬಿದ ರಬ್ಬರಿನ ಚೀಲಗಳನ್ನಿಟ್ಟರು. ಕೊಡವನ್ನು ಬರಿಯ ತಲೆಯ ಮೇಲೆ ಹೊರುವುದಕ್ಕೂ ಸಿಂಬೆಯಿಟ್ಟು ಹೊರುವುದಕ್ಕೂ ಇರುವ ಭೇದವನ್ನು ನಮ್ಮ ಹೆಂಗಸರು ಬಲ್ಲರು. ಈ ಸುಧಾರಣೆಯ ಮರ್ಮವೂ ಅದೇ.

ಇವೆಲ್ಲವೂ ಒಟ್ಟುಗೂಡಿ 1958ನೆಯ ನವೆಂಬರ್ 1ರಂದು ‘ಕೊದಾಮಾ’ ಎಂಬ ಗಾಡಿಯು ಹೊರಟಿತು. ಕೊದಾಮಾ ಎಂದರೆ ಬೆಟ್ಟದ ಮಾರ್ದನಿ. ಕೂಗಿದ ಕೂಗು ಹಿಂದಿರುಗಿ ಬರುವಂತೆ, ತೋಕಿಯೋದಿಂದ ಬೆಳಿಗ್ಗೆ ಹೊರಟವನು ಓಸಾಕಾದಲ್ಲಿ ಎರಡು ಗಂಟೆಗಳ ಹೊತ್ತು ಕೆಲಸ ನೋಡಿಕೊಂಡು ಅದೇ ರಾತ್ರಿ ಮನೆಗೆ ಮರಳಬಹುದಾಗಿತ್ತು. ಎಂಜಿನ್ನು ಎಳೆಯುವ ಗಾಡಿಯು 1956ರಲ್ಲಿ ಆ ದೂರಕ್ಕೆ ಏಳೂವರೆ ಗಂಟೆಗಳನ್ನು ತೆಗೆದುಕೊಳ್ಳುತ್ತಿದ್ದರೆ, ಕೊದಾಮಾ 6 ಗಂಟೆ 50 ನಿಮಿಷಗಳಲ್ಲಿಯೂ 1960ರಿಂದ ಆರೂವರೆ ಗಂಟೆಗಳಲ್ಲಿಯೂ ಮುಟ್ಟಿಸಿತು. ಮುಚ್ಚಿದ ಗಾಜಿನ ಕಿಟಕಿ, ಒಳಗೆ ತಂಪು ಗಾಳಿ, ಎತ್ತರದಲ್ಲಿ ಚಾಲಕನ ಕೊಠಡಿ. ಅದರ ಕೆನೆಬಣ್ಣದ ಮೈಯನ್ನೂ ಕೆಂಪು ಪಟ್ಟಿಯನ್ನೂ ನೋಡಲು ಮಕ್ಕಳು ನಿಲ್ದಾಣಕ್ಕೆ ಬರುತ್ತಿದ್ದರು. ಇಂತಹ ಗಾಡಿಗಳನ್ನು ಜಪಾನೀಯರು ‘ತೊಕ್ಕ್ಯೂ’, ಎಂದರೆ ವಿಶೇಷ ತ್ವರಿತ ಗಾಡಿಯೆಂದು ಕರೆಯುವರು. ಸಾಧಾರಣ ಟಿಕೆಟಿನ ಮೇಲೆ ಇದಕ್ಕೆ ಬೇರೊಂದು ಟಿಕೆಟನ್ನು ಕೊಳ್ಳಬೇಕು. ಕೆಲವೇ ಮುಖ್ಯ ನಿಲ್ದಾಣಗಳಲ್ಲಿ ಮಾತ್ರ ಇದು ನಿಲ್ಲುವುದು.

ಒಮ್ಮೆ ದಾರಿಯು ತೆರೆದ ಮೇಲೆ ಸುಧಾರಣೆಗಳು ಒಂದರ ಹಿಂದೊಂದು ಬಂದುವು. ಜಪಾನಿನ ಪೂರ್ವಭಾಗದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು, ಪಶ್ಚಿಮಭಾಗದಲ್ಲಿ 60ರದು. ಆದಿಯಲ್ಲಿ ತೋಕಿಯೋ ಜರ್ಮನಿಯಿಂದಲೂ ಓಸಾಕಾ ಅಮೆರಿಕದಿಂದಲೂ ಯಂತ್ರಗಳನ್ನು ತರಿಸಿದುದೇ ಇದಕ್ಕೆ ಕಾರಣ. 1968ರ ಹೊತ್ತಿಗೆ ಈ ಎರಡರಲ್ಲಿಯೂ, ಅದಲ್ಲದೆ ಏಕಮುಖ ಪ್ರವಾಹದಲ್ಲಿಯೂ ಓಡಬಲ್ಲ ಗಾಡಿಗಳು ಸಿದ್ಧವಾದುವು. 1967ರಲ್ಲಿ ಹೊರಟ ಮತ್ತೊಂದು ಬಗೆಯ ಗಾಡಿಯಲ್ಲಿ ಹಗಲಿನ ಆಸನಗಳೇ ರಾತ್ರಿ ಹಾಸಿಗೆಗಳಾಗುತ್ತಿದ್ದುವು. 1973ರಲ್ಲಿ ನಗೋಯಾದಿಂದ ನಗಾನೋ ಬೆಟ್ಟಸೀಮೆಗೆ ಓಡಿದ ‘ಶಿನಾನೋ’ ಗಾಡಿಯು, ಬೈಸಿಕಲ್ಲಿನ ಸವಾರನು ತಿರುವಿನಲ್ಲಿ ಮೈಯನ್ನು ವಾಲಿಸುವಂತೆ, ತಿರುವು ಬಂದೊಡನೆ ತಾನೇ ಒಳಮುಖವಾಗಿ ಐದು ಅಂಶಗಳವರೆಗೆ ವಾಲಿ ವೇಗವನ್ನು ಕಳೆದುಕೊಳ್ಳದೆ ಸಾಗುತ್ತಿತ್ತು. ಆದರೆ ಆ ತೂಗಾಟದಿಂದ ಹಲವರಿಗೆ ತಲೆತಿರುಗಿ ವಾಂತಿಯಾಗುತ್ತಿತ್ತೆಂಬುದನ್ನೂ ಹೇಳಬೇಕು. ಯಂತ್ರವು ಬಲ್ಲುದನ್ನೆಲ್ಲ ಮನುಷ್ಯನ ಹೊಟ್ಟೆಯು ಒಪ್ಪಲಾರದು.

ಶಿಮಾ ಅವರ ಸಾಧನೆಗೆ ಕಳಶವಿಟ್ಟುದು 1964ನೆಯ ಅಕ್ಟೋಬರ್ 1ರಂದು ಆರಂಭವಾದ ‘ಶಿಂಕಾನ್‌ಸೆನ್’, ಎಂದರೆ ಹೊಸ ಹೆದ್ದಾರಿ. ತಂದೆಯು ಬಯಸಿದ್ದ 1435 ಮಿಲಿಮೀಟರಿನ ಹಳಿಯು ಮಗನ ಕಾಲದಲ್ಲಿ ಬಿದ್ದಿತು. ಹನ್ನೆರಡು ಡಬ್ಬಿಗಳು, ನಲವತ್ತೆಂಟು ಅಚ್ಚುಗಳು; ನಲವತ್ತೆಂಟಕ್ಕೂ ಒಂದೊಂದು ಮೋಟಾರು. ಹೊರೆಯಿಲ್ಲದೆ ಸುಮ್ಮನೆ ಉರುಳುವ ಗಾಲಿಯು ಒಂದೂ ಇರಲಿಲ್ಲ. ವೇಗವು ಗಂಟೆಗೆ 210 ಕಿಲೋಮೀಟರು. ಆದರೆ ಖರ್ಚು ಅಂದಾಜಿನ ಸುಮಾರು ಇಮ್ಮಡಿಯಾದುದರಿಂದ ಸೊಗೋ ಅವರೂ ಶಿಮಾ ಅವರೂ 1963ರಲ್ಲಿಯೇ ಅಧಿಕಾರವನ್ನು ಬಿಡಬೇಕಾಯಿತು. ಮೊದಲ ಗಾಡಿಯು ತೋಕಿಯೋದಿಂದ ಹೊರಟಾಗ ಅದನ್ನು ಕಟ್ಟಿದವರು ನಿಲ್ದಾಣದಲ್ಲಿರಲಿಲ್ಲ. ಶಿಮಾ ಅವರು ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ಅದನ್ನು ನೋಡಿದರು.

ಇಷ್ಟಾದ ಮೇಲೆ, ವೇಗದ ಜೊತೆಗೆ ಪ್ರಾಣರಕ್ಷಣೆಯ ವಿಚಾರವನ್ನು ಹೇಳದಿದ್ದರೆ ಲೇಖನವು ಅರ್ಧವಾಗುವುದು. 1962ನೆಯ ಮೇ 3ರಂದು ತೋಕಿಯೋದ ಮಿಕಾವಾಶಿಮಾದಲ್ಲಿ ಸಿಗ್ನಲ್ಲನ್ನು ಮೀರಿದ ಗೂಡ್ಸ್ ಗಾಡಿಯಿಂದ ಮೊದಲಾಗಿ ಮೂರು ಗಾಡಿಗಳು ಒಂದಕ್ಕೊಂದು ಅಪ್ಪಳಿಸಿ 160 ಜನರು ಮಡಿದರು. ಚಾಲಕನ ಕಣ್ಣೊಂದನ್ನೇ ನಂಬಿ ನಡೆಯಬಾರದೆಂಬ ಪಾಠವನ್ನು ದೇಶವು ಕಲಿತು, 1966ರೊಳಗೆ ರಾಷ್ಟ್ರೀಯ ರೈಲ್ವೆಯ ಎಲ್ಲ ದಾರಿಗಳಲ್ಲಿಯೂ ತಾನಾಗಿ ಗಾಡಿಯನ್ನು ನಿಲ್ಲಿಸುವ ಉಪಕರಣವನ್ನು ಇರಿಸಿತು. ಶಿಂಕಾನ್‌ಸೆನ್ನಿನಲ್ಲಿಯಾದರೋ ದಾರಿಯ ಬದಿಯ ದೀಪಗಳೇ ಇಲ್ಲ. ಎಷ್ಟು ವೇಗವು ಸಲ್ಲುವುದೆಂಬುದು ಚಾಲಕನ ಮುಂದೆಯೇ ತೋರುವುದು, ಅವನು ಮೀರಿದರೆ ಗಾಡಿಯೇ ತನ್ನ ವೇಗವನ್ನು ತಗ್ಗಿಸಿಕೊಳ್ಳುವುದು. ಅಂದಿನಿಂದ ಇಂದಿನವರೆಗೆ ಆ ದಾರಿಗಳಲ್ಲಿ ಗಾಡಿಗಳು ಢಿಕ್ಕಿ ಹೊಡೆದಾಗಲಿ ಹಳಿತಪ್ಪಿಯಾಗಲಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ.

ಆದರೆ ಹಳೆಯ ಹಳಿಗಳ ಕಥೆಯು ಬೇರೆ. 2005ನೆಯ ಏಪ್ರಿಲ್ 25ರಂದು ಅಮಾಗಾಸಾಕಿಯಲ್ಲಿ, ಗಂಟೆಗೆ 70 ಕಿಲೋಮೀಟರು ಮಿತಿಯಿದ್ದ ತಿರುವಿಗೆ ಊರಗಾಡಿಯೊಂದು ಸುಮಾರು 116 ಕಿಲೋಮೀಟರು ವೇಗದಲ್ಲಿ ನುಗ್ಗಿ, ಹಳಿತಪ್ಪಿ, ಬದಿಯ ವಸತಿಗೃಹಕ್ಕೆ ಬಡಿಯಿತು. ಚಾಲಕನೂ ಸೇರಿ 107 ಜನರು ಸತ್ತರು. ಚಾಲಕನು ಇಪ್ಪತ್ತಮೂರು ವಯಸ್ಸಿನ ತರುಣ. ಹಿಂದಿನ ನಿಲ್ದಾಣದಲ್ಲಿ ನಿಲ್ಲಬೇಕಾದ ಸ್ಥಳವನ್ನು ದಾಟಿಹೋದುದರಿಂದ ಗಾಡಿಯು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ತಡವಾಗಿತ್ತು. ತಪ್ಪು ಮಾಡಿದ ಚಾಲಕರನ್ನು ಗಾಡಿಯಿಂದಿಳಿಸಿ, ದಿನಗಟ್ಟಲೆ ಕೂರಿಸಿ, ಹೀಯಾಳಿಸಿ ತಿದ್ದುವ ಪದ್ಧತಿಯೊಂದು ಅಲ್ಲಿತ್ತು. ಅದರ ಭಯದಿಂದಲೇ ಅವನ ಗಮನವು ಕದಲಿರಬಹುದೆಂದು ತನಿಖೆಯ ಮಂಡಲಿಯು ಅಭಿಪ್ರಾಯಪಟ್ಟಿತು. ಆ ತಿರುವಿನಲ್ಲಿ ವೇಗವನ್ನು ತಡೆಯುವ ಉಪಕರಣವನ್ನು ಇನ್ನೂ ಹಾಕಿರಲಿಲ್ಲ.

ಈ ಸಂಗತಿಯನ್ನು ಚಿಂತಿಸಿದಾಗ ನಮ್ಮ ಮನಸ್ಸಿಗೆ ತೋರುವುದಿಷ್ಟು. ಯಂತ್ರದಲ್ಲಿ ಭಾರವನ್ನು ಅಷ್ಟು ಜಾಣತನದಿಂದ ಹಂಚಿಕೊಟ್ಟ ಜನರೇ ಕಾಲದ ಭಾರವನ್ನು ಮಾತ್ರ ಒಬ್ಬ ಹುಡುಗನ ತಲೆಯ ಮೇಲೆ ಇಟ್ಟರು. ಒಂದು ಅಚ್ಚಿನ ಮೇಲೆ ಅತಿಭಾರ ಬಿದ್ದರೆ ಹಳಿಯು ಡೊಂಕಾಗುವಂತೆ, ಒಬ್ಬ ಮನುಷ್ಯನ ಮೇಲೆ ಅತಿಭಯ ಬಿದ್ದರೆ ಬುದ್ಧಿಯು ಡೊಂಕಾಗುವುದು.

ಇದು ದೂರದೇಶದ ಮಾತೆಂದು ವಾಚಕರು ಬಗೆಯಬೇಕಾಗಿಲ್ಲ. 2022ನೆಯ ನವೆಂಬರ್ ತಿಂಗಳಿನಿಂದ ಮೈಸೂರಿಗೂ ಚೆನ್ನೈಗೂ ಬೆಂಗಳೂರಿನ ಮೇಲೆ ಓಡುತ್ತಿರುವ ವಂದೇ ಭಾರತ ಗಾಡಿಯು ನಮ್ಮ ದೇಶದಲ್ಲಿಯೇ ರೂಪಿಸಿ ಕಟ್ಟಿದುದು. ಆದರೂ ಅದರ ತತ್ತ್ವ ಇದೇ. ಅದಕ್ಕೆ ಬೇರೆ ಎಂಜಿನ್ನಿಲ್ಲ. ಅರ್ಧದಷ್ಟು ಡಬ್ಬಿಗಳ ಅಡಿಯಲ್ಲಿ ಮೋಟಾರುಗಳಿವೆ. ಮುಂದೆ ಎಂದಾದರೂ ಮಕ್ಕಳೊಡನೆ ಅದರಲ್ಲಿ ಕುಳಿತಾಗ, ಎಂಜಿನ್ನು ಎಲ್ಲಿ ಎಂದು ಅವರು ಕೇಳಿದರೆ, ನಮ್ಮ ಕಾಲಡಿಯಲ್ಲಿಯೇ ಇದೆ, ಎಲ್ಲರೂ ಸೇರಿ ಎಳೆಯುತ್ತಿರುವರು ಎಂದು ಹೇಳಬಹುದು. ಗಾಡಿಯು ನಾಲ್ಕು ನಿಮಿಷ ತಡವಾಗಿ ಬಂದ ದಿನ ಚಾಲಕನ ಮೇಲೆ ಸಿಡುಕುವ ಮೊದಲು, ಆ ತಾಳ್ಮೆಯಲ್ಲಿ ನಮ್ಮ ಪಾಲಿನ ಹುಲ್ಲುಕಡ್ಡಿಯೂ ಒಂದಿದೆಯೆಂಬುದನ್ನು ನೆನೆದರೆ ಲೇಸು.